ಎದುರಿನ ಗ್ಲಾಸಿಗೆ ಉದ್ದ ಬಿರುಕು ಬಿದ್ದರೆ

ಹುಲ್ಲು ಕತ್ತರಿಸುವ ಯಂತ್ರ ತೋಟಕ್ಕೆ ಬಂದ ಮೇಲೆ ನಮ್ಮ ವಾಹನಗಳ ಗಾಜಿಗೆ ಹೊಸದೊಂದು ಕಂಟಕ ಸುರುವಾಗಿದೆ. ಅಂಗಳದ ಬದಿಯಲ್ಲಿ ಪಿಕಪ್ ನಿಲ್ಲಿಸಿರುತ್ತೇವೆ. ಯಂತ್ರದ ಬ್ಲೇಡಿಗೆ ಸಿಕ್ಕಿದ ಕಡಲೆಕಾಳಿನಷ್ಟು ಕಲ್ಲು ಹಾರಿ ಬಂದು ಎದುರಿನ ಗ್ಲಾಸಿಗೆ ಬಡಿಯುತ್ತದೆ. ಆಗ ಕಾಣುವುದು ಒಂದು ಚುಕ್ಕೆ ಮಾತ್ರ. ಚುಕ್ಕೆಯಲ್ಲವೇ ಎಂದು ಬಿಟ್ಟರೆ ನಾಲ್ಕು ದಿನ ಕಳೆದು ಒಂದು ಬೆಳಿಗ್ಗೆ ಅದಕ್ಕೆ ಬಾಲ ಬಂದಿರುತ್ತದೆ. ಮತ್ತೆ ಒಂದು ವಾರದಲ್ಲಿ ಅದು ಗ್ಲಾಸಿನ ಅಂಚಿನವರೆಗೆ ಹೋಗಿ ಮುಟ್ಟುತ್ತದೆ. ಜಲ್ಲಿ ತುಂಬಿದ ಟಿಪ್ಪರಿನ ಹಿಂದೆ ಹೋದವರಿಗೆ, ತೆಂಗಿನ ಮರದ ಅಡಿಯಲ್ಲಿ ಗಾಡಿ ನಿಲ್ಲಿಸಿದವರಿಗೆ, ಒಣಗಿದ ಅಡಿಕೆ ಸೋಗೆ ಹಾಳೆ ಸಮೇತ ಬಾನೆಟ್ಟಿನ ಮೇಲೆ ಬಿದ್ದವರಿಗೆ ಈ ಕಥೆಯನ್ನು ನಾವು ಹೇಳಬೇಕಾಗಿಲ್ಲ.

ನಮ್ಮ ಕಾಣಿಯೂರು ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿರುವ ಊರು. ಮೊದಲು ಪುತ್ತೂರು ತಾಲೂಕಿನಲ್ಲಿತ್ತು, ಈಗ ಕಡಬ ತಾಲೂಕು. ತಾಲೂಕು ಬದಲಾದರೂ ಗ್ಲಾಸು ಬದಲಿಸಬೇಕಾದರೆ ಪುತ್ತೂರಿಗೋ ಮಂಗಳೂರಿಗೋ ಹೋಗುವುದು ತಪ್ಪಲಿಲ್ಲ. ಹಾಗೆ ಹೋಗಿ ಬಂದು ಬೇಸತ್ತ ನಾವು ನಾಲ್ಕು ಮಂದಿ ಬೆಳೆಗಾರರು ಸೇರಿ, ಉದ್ದ ಬಿರುಕನ್ನು ತುಂಬಿಸಿ ನಿಲ್ಲಿಸುವ ಕೆಲಸವನ್ನು ಕಲಿಯಲು ಹೊರಟೆವು. ಸಾಮಾನು ತರಿಸಿ, ಹಳೆಯ ಗ್ಲಾಸುಗಳ ಮೇಲೆ ಕೈ ಪಳಗಿಸಿ, ಕೆಲವನ್ನು ಸರಿ ಮಾಡಿ, ಕೆಲವನ್ನು ಕೆಡಿಸಿ ಕಲಿತದ್ದನ್ನು ಸದಸ್ಯರ ಮುಂದೆ ಇಡುತ್ತಿದ್ದೇವೆ. ತುಂಬಿಸುವ ಕೈಕೆಲಸ ಅಷ್ಟೇನೂ ಕಷ್ಟವಲ್ಲ. ಯಾವುದನ್ನು ತುಂಬಿಸಬಾರದು ಎಂದು ತಿಳಿಯಲು ಮಾತ್ರ ನಮಗೆ ಹೆಚ್ಚು ಸಮಯ ಹಿಡಿಯಿತು.

ಮೊದಲು ಗಾಜಿನ ಜಾತಿ ತಿಳಿಯಬೇಕು. ವಾಹನದ ಗಾಜಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಟಫನ್ಡ್ ಗ್ಲಾಸು. ಗಾಜನ್ನು ಕೆಂಪಗೆ ಕಾಯಿಸಿ ಗಾಳಿಯಿಂದ ತಟ್ಟನೆ ತಣಿಸಿ ಗಟ್ಟಿ ಮಾಡಿದ್ದು. ಅದು ಒಡೆದರೆ ಒಮ್ಮೆಲೇ ಕಲ್ಲುಸಕ್ಕರೆಯ ಹಾಗೆ ಪುಡಿ ಪುಡಿಯಾಗುತ್ತದೆ. ಬಾಗಿಲಿನ ಗಾಜು ಹೆಚ್ಚಾಗಿ ಇದೇ. ಅದರಲ್ಲಿ ಉದ್ದ ಬಿರುಕು ಎಂಬುದು ಇರುವುದಿಲ್ಲ, ತುಂಬಿಸುವ ಪ್ರಶ್ನೆಯೂ ಇಲ್ಲ. ಇನ್ನೊಂದು ಲ್ಯಾಮಿನೇಟೆಡ್ ಗ್ಲಾಸು. ಸುಮಾರು ಎರಡು ಮಿಲಿಮೀಟರಿನ ಎರಡು ಗಾಜಿನ ಹಾಳೆಗಳ ನಡುವೆ ಮುಕ್ಕಾಲು ಮಿಲಿಮೀಟರ್ ದಪ್ಪದ, ಪಿ.ವಿ.ಬಿ. ಎಂಬ ಪ್ಲಾಸ್ಟಿಕ್ಕಿನ ಪದರ ಕೂಡಿಸಿ ಬೆಸೆದದ್ದು. ಕಲ್ಲು ಬಡಿದರೆ ಹೊರಗಿನ ಹಾಳೆ ಒಡೆಯುತ್ತದೆ, ಒಳಗಿನದು ಹಾಗೇ ಉಳಿಯುತ್ತದೆ, ನಡುವಿನ ಪದರ ಚೂರುಗಳನ್ನು ಬಿಡದೆ ಹಿಡಿದುಕೊಳ್ಳುತ್ತದೆ. ನಾವು ತುಂಬಿಸುವುದು ಆ ಹೊರಗಿನ ಒಂದು ಹಾಳೆಯ ಬಿರುಕನ್ನು ಮಾತ್ರ.

ಈ ಉಪಾಯ ಹೊಳೆದದ್ದು ಒಂದು ಸೀಸೆ ಕೈತಪ್ಪಿ ಬಿದ್ದದ್ದರಿಂದ. ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬವರ ಪ್ರಯೋಗಶಾಲೆಯಲ್ಲಿ 1903ರಲ್ಲಿ ಬಿದ್ದ ಗಾಜಿನ ಸೀಸೆ ಬಿರುಕು ಬಿಟ್ಟಿತೇ ಹೊರತು ಚೂರಾಗಲಿಲ್ಲವಂತೆ. ಒಳಗೆ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಪೊರೆ ಕಟ್ಟಿತ್ತು. ಅದನ್ನೇ ಹಿಡಿದು 1909ರಲ್ಲಿ ಅವರು ಪೇಟೆಂಟು ಪಡೆದರು. ಪಿ.ವಿ.ಬಿ. ಪದರ ಬಂದದ್ದು 1930ರ ದಶಕದಲ್ಲಿ. ನಮ್ಮ ದೇಶದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 1993ರ ತಿದ್ದುಪಡಿಯು, ಅದು ಜಾರಿಯಾಗಿ ಮೂರು ವರ್ಷಗಳ ಬಳಿಕ ತಯಾರಾಗುವ ವಾಹನಗಳಿಗೆ ಎದುರಿನ ಗ್ಲಾಸು ಲ್ಯಾಮಿನೇಟೆಡ್ ಆಗಿರಬೇಕೆಂದು ಕಡ್ಡಾಯ ಮಾಡಿತು. ದ್ವಿಚಕ್ರ ವಾಹನ ಮತ್ತು ಟ್ರ್ಯಾಕ್ಟರಿಗೆ ಮಾತ್ರ ವಿನಾಯಿತಿ. ಅದಕ್ಕಿಂತ ಹಳೆಯ ಗಾಡಿಯನ್ನು ಇನ್ನೂ ಓಡಿಸುವವರು ಗ್ಲಾಸಿನ ಕೆಳಮೂಲೆಯ ಬರಹ ಓದಿ ನೋಡಬೇಕು. ಐ.ಎಸ್. 2553 ಎಂಬ ಗುರುತಿನ ಹತ್ತಿರ ಲ್ಯಾಮಿನೇಟೆಡ್ ಎಂದೋ ಟಫನ್ಡ್ ಎಂದೋ ಬರೆದಿರುತ್ತದೆ.

ಇನ್ನು, ಬಿರುಕು ತಾನಾಗಿ ಉದ್ದವಾಗುವುದು ಏಕೆ? ಸಲಾಕೆ ಮಾಡಲು ಅಡಿಕೆ ಮರ ಸೀಳಿದವರಿಗೆ ಇದು ಅರ್ಥವಾಗಬೇಕು. ತುದಿಗೆ ಬೆಣೆ ಹೊಡೆದು ಒಮ್ಮೆ ಬಾಯಿ ಬಿಡಿಸಿದರೆ ಮತ್ತೆ ಕೊಡಲಿಗೆ ಹೆಚ್ಚು ಕೆಲಸ ಇಲ್ಲ. ಸೀಳು ಬೆಣೆಗಿಂತ ಮುಂದೆ ತಾನೇ ಓಡುತ್ತದೆ, ಏಕೆಂದರೆ ಎರಡೂ ಬದಿಗೆ ಎಳೆಯುವ ಬಲವೆಲ್ಲ ಹೋಗಿ ಸೀಳಿನ ಚೂಪು ತುದಿಯಲ್ಲಿ ಕೂಡುತ್ತದೆ. ಗಾಜಿನಲ್ಲಿಯೂ ಹೀಗೇ ಎಂದು ಇಂಗ್ಲೆಂಡಿನ ಗ್ರಿಫಿತ್ ಎಂಬ ಎಂಜಿನಿಯರರು 1921ರಲ್ಲಿ ಗಾಜನ್ನೇ ಪರೀಕ್ಷಿಸಿ ಲೆಕ್ಕ ಹಾಕಿ ತೋರಿಸಿದರು. ಬಿರುಕು ಉದ್ದವಾದಷ್ಟೂ ಅದನ್ನು ಮುಂದೆ ಓಡಿಸಲು ಬೇಕಾದ ಬಲ ಕಡಿಮೆ. ಆದ್ದರಿಂದ ಒಂದು ಅಂಗುಲದ ಬಿರುಕಿಗೆ ಸಾಲದಿದ್ದ ಕುಲುಕಾಟ ಆರು ಅಂಗುಲದ್ದಕ್ಕೆ ಧಾರಾಳ ಸಾಕಾಗುತ್ತದೆ.

ಬೆಣೆಯ ಕೆಲಸ ಮಾಡುವುದು ಹಲವು. ತೋಟದ ಕಚ್ಚಾ ದಾರಿಯಲ್ಲಿ ಒಂದು ಚಕ್ರ ಗುಂಡಿಗೆ ಇಳಿದಾಗ ಗಾಡಿಯ ಮೈ ತಿರುಚುತ್ತದೆ, ಅದರೊಂದಿಗೆ ಗ್ಲಾಸೂ. ಬಿಸಿಲಿಗೆ ಕಾದ ಗ್ಲಾಸಿಗೆ ಒಳಗಿನಿಂದ ಏಸಿಯ ತಣ್ಣನೆ ಗಾಳಿ ಬಡಿದರೆ ಒಂದು ಹಾಳೆ ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ. ಗಾಜು ಏರಿಸಿಕೊಂಡು ಬಾಗಿಲನ್ನು ಧಡಾರನೆ ಹಾಕಿದರೆ ಒಳಗಿನ ಗಾಳಿ ಗ್ಲಾಸನ್ನು ಹೊರಗೆ ತಳ್ಳುತ್ತದೆ. ಇವೆಲ್ಲಕ್ಕಿಂತ ಗುಟ್ಟಿನ ವೈರಿ ನೀರು. ಬಿರುಕಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕಿದ ಗಾಜಿನ ಕಣಗಳ ಹಿಡಿತವನ್ನು ತೇವಾಂಶ ಮೆಲ್ಲ ಮೆಲ್ಲ ಬಿಡಿಸುತ್ತದೆ. ಒಣ ಊರಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿರುವ ಬಿರುಕು ನಮ್ಮ ಆಟಿ ತಿಂಗಳಲ್ಲಿ ಓಡುವುದಕ್ಕೆ ಅದೂ ಒಂದು ಕಾರಣ. ಗ್ಲಾಸಿನ ಅಂಚಿನಿಂದ ಎರಡು ಅಂಗುಲದೊಳಗೆ ಏಟು ಬಿದ್ದರೆ ಇನ್ನೂ ಕಷ್ಟ. ಗಾಜು ತಯಾರಾಗುವಾಗಲೇ ಅಂಚಿನಲ್ಲಿ ಬಿಗಿತ ಉಳಿದಿರುವುದರಿಂದ ಅಲ್ಲಿಯ ಬಿರುಕು ನಿಮಿಷಗಳಲ್ಲಿ ಅಡಿ ಉದ್ದ ಆಗುವುದುಂಟು.

ಹಾಗಾದರೆ ಏಟು ಬಿದ್ದ ಕೂಡಲೇ ಏನು ಮಾಡಬೇಕು? ಗಾಡಿ ನಿಲ್ಲಿಸಿ, ಒಣ ಬಟ್ಟೆಯಿಂದ ಮೇಲಿನ ಧೂಳು ಒರೆಸಿ, ಚುಕ್ಕೆ ಮತ್ತು ಬಿರುಕಿನ ಮೇಲೆ ಪಾರದರ್ಶಕ ಟೇಪು ಅಂಟಿಸಬೇಕು. ಡ್ರೈವರ ದೃಷ್ಟಿಗೆ ಅಡ್ಡ ಬಾರದ ಹಾಗೆ ಕಿರಿದಾಗಿ ಅಂಟಿಸಿದರೆ ಸಾಕು. ಇದು ಬಿರುಕನ್ನು ನಿಲ್ಲಿಸುವುದಿಲ್ಲ. ಕೆಸರು ನೀರು, ವೈಪರಿನ ಸಾಬೂನು ನೀರು, ಮದ್ದು ಬಿಡುವ ದಿನಗಳಲ್ಲಿ ಮೈಲುತುತ್ತು ಸುಣ್ಣದ ಹನಿ ಒಳಗೆ ಹೋಗದಂತೆ ತಡೆಯುತ್ತದೆ. ಒಮ್ಮೆ ಇವು ಒಳಗೆ ಸೇರಿ ಒಣಗಿದರೆ ಯಾರ ಕೈಯಿಂದಲೂ ಅವುಗಳನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಗಾಡಿ ತೊಳೆಯುವುದು ಬೇಡ, ಏಸಿಯ ಗಾಳಿಯನ್ನು ಗ್ಲಾಸಿಗೆ ಬಿಡುವುದು ಬೇಡ, ನೆರಳಲ್ಲಿ ನಿಲ್ಲಿಸಬೇಕು. ಬೇಗ ಅಂಟುವ ಸೂಪರ್ ಗ್ಲೂ ಸುರಿಯುವವರಿದ್ದಾರೆ, ಹೆಂಗಸರ ನೈಲ್ ಪಾಲಿಶ್ ಬಳಿಯುವವರೂ ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಆ ಅಂಟು ಬಿಸಿಲಿಗೆ ಬೆಳ್ಳಗಾಗಿ ಬಿರಿಯುತ್ತದೆ. ಸರಿಯಾದ ರೆಸಿನ್ ಹೋಗಬೇಕಾದ ಜಾಗವನ್ನು ಅದು ಮುಚ್ಚಿರುತ್ತದೆ.

ಅಮೆರಿಕದಲ್ಲಿ ಕಲ್ಲೇಟಿನ ಚುಕ್ಕೆ ತುಂಬಿಸುವುದು 1970ರ ದಶಕದಲ್ಲಿಯೇ ಒಂದು ಉದ್ಯೋಗವಾಗಿ ಬೆಳೆಯಿತು. ಉದ್ದ ಬಿರುಕನ್ನು ಮಾತ್ರ ಬಹಳ ಕಾಲ ಆಗದ ಕೆಲಸವೆಂದೇ ಬಿಟ್ಟಿದ್ದರು. 2007ರಲ್ಲಿ ಅಲ್ಲಿ ಹೊರಬಂದ ಮಾನದಂಡವು 14 ಅಂಗುಲದವರೆಗಿನ ಬಿರುಕನ್ನು ದುರಸ್ತಿಗೆ ಯೋಗ್ಯವೆಂದು ಒಪ್ಪಿತು. ನಾವೂ ಅದನ್ನೇ ಮಿತಿ ಎಂದು ಇಟ್ಟುಕೊಂಡಿದ್ದೇವೆ. ಗೇಣಿನ ಲೆಕ್ಕದಲ್ಲಿ ಒಂದೂವರೆ ಗೇಣಿಗಿಂತ ಸ್ವಲ್ಪ ಹೆಚ್ಚು. ಅದರೊಳಗಿದ್ದರೂ ಒಳಗಿನ ಹಾಳೆ ಒಡೆದಿದ್ದರೆ, ಬಿರುಕಿನ ಬದಿಯಲ್ಲಿ ಹಾಲಿನಂಥ ಬಿಳುಪು ಹಬ್ಬಿದ್ದರೆ, ಅಥವಾ ಮೂರಕ್ಕಿಂತ ಹೆಚ್ಚು ಬಿರುಕುಗಳು ಒಂದೇ ಚುಕ್ಕೆಯಿಂದ ಹೊರಟಿದ್ದರೆ ನಾವು ಕೈ ಹಾಕುವುದಿಲ್ಲ. ಒಳಗಿನಿಂದ ಉಗುರು ಆಡಿಸಿ ನೋಡಿದರೆ ಒಳಗಿನ ಹಾಳೆ ಒಡೆದಿದೆಯೇ ಎಂಬುದು ತಿಳಿಯುತ್ತದೆ.

ಇನ್ನೊಂದು ನಿಬಂಧನೆಯನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಸುರುವಿನಲ್ಲಿ ನಮ್ಮ ನೆರೆಯ ಬೆಳೆಗಾರರೊಬ್ಬರ ಪಿಕಪ್ಪಿಗೆ ಹನ್ನೊಂದು ಅಂಗುಲದ ಬಿರುಕು ತುಂಬಿಸಿದ್ದೆವು. ಅದು ಸ್ಟೇರಿಂಗಿನ ನೇರಕ್ಕೆ, ಡ್ರೈವರ ಕಣ್ಣಿನ ಮಟ್ಟದಲ್ಲಿಯೇ ಇತ್ತು. ಹಗಲು ನೋಡುವಾಗ ಹುಡುಕಿದರೂ ಸಿಕ್ಕದಷ್ಟು ಚೊಕ್ಕ ಬಂದಿತ್ತು. ನಾವು ನಾಲ್ವರೂ ಬೀಗಿದೆವು. ಹದಿನೈದು ದಿನ ಕಳೆದು ಅವರು ಸುಬ್ರಹ್ಮಣ್ಯದಿಂದ ರಾತ್ರಿ ಮಳೆಯಲ್ಲಿ ಬರುತ್ತಿದ್ದಾಗ ಎದುರಿನಿಂದ ಲಾರಿಯ ಬೆಳಕು ಆ ಗೆರೆಗೆ ಬಿದ್ದು, ಗ್ಲಾಸಿನ ಅಡ್ಡಕ್ಕೆ ಬೆಳ್ಳಿ ತಂತಿ ಎಳೆದಂತೆ ಹೊಳೆಯಿತಂತೆ. ಆ ಹೊಳಪಿನ ಹಿಂದೆ ರಸ್ತೆಯ ಬದಿಯಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದ ಒಬ್ಬರು ಅವರಿಗೆ ಕಾಣಲೇ ಇಲ್ಲ. ಬ್ರೇಕು ಹಿಡಿದು ಗಾಡಿ ನಿಂತದ್ದು ಕೈಯಳತೆಯಲ್ಲಿ. ಮರುದಿನ ಬೆಳಿಗ್ಗೆ ನಮ್ಮಲ್ಲಿಗೆ ಬಂದವರು ಬೈಯಲಿಲ್ಲ. "ಅಣ್ಣಾ, ಹಗಲಿಗೆ ನಿಮ್ಮ ಕೆಲಸ ಚಂದ ಉಂಟು. ರಾತ್ರಿಗೆ ಆಗುವುದಿಲ್ಲ" ಎಂದರು. ಹೊಸ ಗ್ಲಾಸಿನ ಅರ್ಧ ಖರ್ಚನ್ನು ನಾವು ಕೊಟ್ಟೆವು.

ಬ್ರಿಟಿಷರ ಮಾನದಂಡವನ್ನು ನಾವು ಓದಿದ್ದು ಇದಾದ ಮೇಲೆ. ಸ್ಟೇರಿಂಗಿನ ಮಧ್ಯಕ್ಕೆ ಸರಿಯಾಗಿ ಗ್ಲಾಸಿನ ಮೇಲೆ 290 ಮಿಲಿಮೀಟರ್ ಅಗಲದ ಪಟ್ಟಿ ಎಣಿಸಿಕೊಳ್ಳಬೇಕು, ವೈಪರು ಒರೆಸುವ ಭಾಗದಲ್ಲಿ ಆ ಪಟ್ಟಿಯೊಳಗೆ 10 ಮಿಲಿಮೀಟರಿಗಿಂತ ದೊಡ್ಡ ಏಟನ್ನು ದುರಸ್ತಿ ಮಾಡಬಾರದು ಎಂದು ಅದು ಹೇಳುತ್ತದೆ. ಅಂದರೆ ಸುಮಾರು ಒಂದು ಅಡಿ ಅಗಲದ ಪಟ್ಟಿ. ಅದರೊಳಗೆ ಉದ್ದ ಬಿರುಕು ಹಾದುಹೋಗಿದ್ದರೆ ಈಗ ನಾವು ಸಾಮಾನಿನ ಪೆಟ್ಟಿಗೆಯನ್ನೇ ತೆರೆಯುವುದಿಲ್ಲ, ಯಾರು ಎಷ್ಟು ಒತ್ತಾಯ ಮಾಡಿದರೂ. ಒತ್ತಾಯ ಮಾಡುವವರು ಹೆಚ್ಚಾಗಿ ನೆಂಟರೇ ಆಗಿರುತ್ತಾರೆ ಎಂಬುದು ಬೇರೆ ಮಾತು.

ಈಗ ಕೆಲಸದ ಕ್ರಮ. ಗಾಡಿಯನ್ನು ಮಾಡಿನ ಅಡಿಯಲ್ಲಿ ನಿಲ್ಲಿಸಬೇಕು. ಈ ರೆಸಿನ್ ಬಿಸಿಲಿನಲ್ಲಿರುವ ಅಲ್ಟ್ರಾವಯಲೆಟ್ ಕಿರಣಕ್ಕೆ ಗಟ್ಟಿಯಾಗುವಂಥದ್ದು. ಅಂಗಳದ ಬಿಸಿಲಲ್ಲಿ ಮಾಡಿದರೆ ಬಿರುಕಿನೊಳಗೆ ಹರಿಯುವ ಮೊದಲೇ ಹೆಪ್ಪುಗಟ್ಟುತ್ತದೆ. ಗ್ಲಾಸು ಕೈಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎಂಬ ಹದಕ್ಕೆ ಬರುವ ತನಕ ಕಾಯಬೇಕು. ಮಳೆಗಾಲವಾದರೆ ಒಳಗಿನಿಂದ ಕೂದಲು ಒಣಗಿಸುವ ಡ್ರೈಯರಿನ ಮೆಲ್ಲನೆ ಗಾಳಿ ಹಿಡಿದು ತೇವ ಆರಿಸಿ, ಮತ್ತೆ ಗ್ಲಾಸು ತಣಿಯಲು ಬಿಡಬೇಕು. ನಾವು ಇದಕ್ಕೆ ಅರ್ಧ ದಿನ ಕೊಡುವುದೂ ಉಂಟು. ಬೆಂಕಿಕಡ್ಡಿ, ಲೈಟರು ಹಿಡಿಯುವುದು ಕೂಡದು. ನಮ್ಮ ಅಭ್ಯಾಸದ ಗ್ಲಾಸೊಂದರಲ್ಲಿ ಲೈಟರು ಹಿಡಿದ ಕೂಡಲೇ ಬಿರುಕು ಟಕ್ಕೆಂದು ಮೂರು ಅಂಗುಲ ಓಡಿತ್ತು.

ಬಿರುಕಿನ ಓಡುವ ತುದಿಯಿಂದ ಕೆಲಸ ಸುರು ಮಾಡಬೇಕು. ತುದಿಯನ್ನು ಕಟ್ಟಿಹಾಕದೆ ನಡುವಿನಲ್ಲಿ ಒತ್ತಿದರೆ ಅದು ಇನ್ನೂ ಮುಂದೆ ಹೋಗುತ್ತದೆ. ಹಲ್ಲಿನ ವೈದ್ಯರು ಬಳಸುವಂಥ ಸಣ್ಣ ಡ್ರಿಲ್ಲಿಗೆ ಒಂದು ಮಿಲಿಮೀಟರಿನ ಮೊನೆ ಹಾಕಿ, ಸರಿಯಾಗಿ ತುದಿಯಲ್ಲಿ, ಹೊರಗಿನ ಹಾಳೆಯ ಅರ್ಧ ದಪ್ಪದಷ್ಟು ಮಾತ್ರ ಕೊರೆಯಬೇಕು. ಒಮ್ಮೆಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಬಿಸಿಯಾಗುತ್ತದೆ. ಮೊನೆ ಪಿ.ವಿ.ಬಿ. ಪದರವನ್ನು ಮುಟ್ಟಿದರೆ ಅಲ್ಲಿ ಬಿಳಿ ಕಲೆ ಶಾಶ್ವತ. ಕೊರೆದ ಗುಳಿಗೆ ಸೂಜಿಯಂಥ ಉಳಿಯಿಟ್ಟು ಒಮ್ಮೆ ಹಗುರವಾಗಿ ತಟ್ಟಿದರೆ ಗುಂಡನೆ ಪುಟ್ಟ ಬಳೆಯಂಥ ಒಡಕು ಏಳುತ್ತದೆ. ಇರುವ ಒಡಕು ಸಾಲದೆಂದು ಹೊಸತು ಮಾಡುವುದೇ ಎಂದು ಕೇಳಬಹುದು. ಚೂಪು ತುದಿಯಲ್ಲಿ ಕೂಡುತ್ತಿದ್ದ ಬಲ ಈ ಗುಂಡಗಿನ ಒಡಕಿನ ಸುತ್ತ ಹರಡಿಹೋಗುತ್ತದೆ. ಸೀಳು ಹೋಗಿ ಗಂಟಿಗೆ ಸಿಕ್ಕಿ ನಿಂತ ಹಾಗೆ. ಅದರೊಳಗೆ ರೆಸಿನ್ ತುಂಬಿ ಲ್ಯಾಂಪು ಹಿಡಿದು ಗಟ್ಟಿ ಮಾಡಿದ ಮೇಲೆಯೇ ಮುಂದಿನ ಕೆಲಸ.

ಬಳಿಕ ತುದಿಯಿಂದ ಅಂಚಿನ ಕಡೆಗೆ ಎರಡೆರಡು ಅಂಗುಲದಂತೆ ಬಿರುಕಿನುದ್ದಕ್ಕೂ ರೆಸಿನ್ ಇಳಿಸುತ್ತ ಹೋಗಬೇಕು. ಬಿಗಿಯಾದ ಬಿರುಕಿಗೆ ನೀರಿನಂಥ ತೆಳು ರೆಸಿನ್, ಬಾಯಿ ಬಿಟ್ಟದ್ದಕ್ಕೆ ಜೇನಿನಂಥ ದಪ್ಪದ್ದು. ಹೊರಗಿನಿಂದ ಒಬ್ಬರು ಹನಿ ಇಡುವಾಗ ಒಳಗಿನಿಂದ ಇನ್ನೊಬ್ಬರು ಹೆಬ್ಬೆರಳಿನಿಂದ ಮೆಲ್ಲ ಒತ್ತಿದರೆ ಬಿರುಕು ಕೂದಲೆಳೆಯಷ್ಟು ತೆರೆದು ಹನಿಯನ್ನು ಎಳೆದುಕೊಳ್ಳುತ್ತದೆ. ದೀಪದ ಬತ್ತಿ ಎಣ್ಣೆ ಎಳೆದಂತೆ. ಒತ್ತಡ ಬಿಟ್ಟಾಗ ಮುಚ್ಚಿಕೊಳ್ಳುತ್ತದೆ. ರೆಸಿನ್ ಹೋದಲ್ಲೆಲ್ಲ ಬೆಳ್ಳಿಯಂತೆ ಹೊಳೆಯುವ ಗೆರೆ ಕಣ್ಣೆದುರೇ ಮಾಯವಾಗುತ್ತದೆ. ಗೆರೆ ಕಾಣುವುದೇ ಒಳಗಿನ ಗಾಳಿಯಿಂದ. ರೆಸಿನ್ ಬೆಳಕನ್ನು ಗಾಜಿನಷ್ಟೇ ಬಾಗಿಸುವುದರಿಂದ ಕಣ್ಣಿಗೆ ಎರಡೂ ಒಂದೇ. ಎಣ್ಣೆಗೆ ಹಾಕಿದ ಗಾಜಿನ ಚೂರು ಅರ್ಧ ಕಾಣದಾಗುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಹೊಳೆಯುವ ತುಣುಕು ಎಲ್ಲಿಯಾದರೂ ಉಳಿದರೆ ಅಲ್ಲಿ ಗಾಳಿ ಇದೆ ಎಂದೇ ಅರ್ಥ. ಬಿಡದೆ ಪುನಃ ಒತ್ತಿ ಹನಿ ಇಳಿಸಬೇಕು. ಈ ಹಂತದಲ್ಲಿ ಅವಸರ ಮಾಡಿದ ಕೆಲಸವೆಲ್ಲ ನಮ್ಮಲ್ಲಿ ಕೆಟ್ಟಿದೆ.

ಗ್ಲಾಸಿನ ಅಂಚಿಗೆ ಬರುವಾಗ ರಬ್ಬರು ಬೀಡಿಂಗನ್ನು ಎತ್ತಿ ಕೊನೆಯ ಅರ್ಧ ಅಂಗುಲಕ್ಕೂ ರೆಸಿನ್ ಮುಟ್ಟಿಸಬೇಕು. ಕಾಣದ ಜಾಗವೆಂದು ಬಿಟ್ಟರೆ ಮುಂದಿನ ಮಳೆಯ ನೀರು ಅಲ್ಲಿಂದಲೇ ಒಳಗೆ ಬರುತ್ತದೆ.

ತುಂಬಿದ ಮೇಲೆ ಬಿರುಕಿನ ಬಾಯಿಗೆ ದಪ್ಪ ರೆಸಿನ್ನಿನ ಒಂದು ಗೆರೆ ಎಳೆದು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಮುಚ್ಚಬೇಕು. ಗಾಳಿಯ ಆಮ್ಲಜನಕ ತಾಗಿದರೆ ಈ ರೆಸಿನ್ನಿನ ಮೇಲ್ಪದರ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಅಲ್ಟ್ರಾವಯಲೆಟ್ ಲ್ಯಾಂಪನ್ನು ಭಾಗ ಭಾಗವಾಗಿ ಹಿಡಿಯುತ್ತ ಹೋಗಬೇಕು. ಎಷ್ಟು ನಿಮಿಷ ಎಂಬುದು ರೆಸಿನ್ನಿನ ಸೀಸೆಯ ಮೇಲೆ ಬರೆದಿರುತ್ತದೆ. ಲ್ಯಾಂಪಿನ ಬೆಳಕನ್ನು ನೇರ ನೋಡಬಾರದು, ರೆಸಿನ್ ಕೈಗೆ ತಾಗದಂತೆ ಕೈಚೀಲ ಹಾಕಬೇಕು. ಕೊನೆಗೆ ಪಟ್ಟಿ ತೆಗೆದು, ಹೊಸ ಬ್ಲೇಡನ್ನು ಗಾಜಿಗೆ ನೆಟ್ಟಗೆ ಹಿಡಿದು ಉಳಿದದ್ದನ್ನು ಹೆರೆದು ಪಾಲಿಶ್ ಮಾಡಿದರೆ ಕೆಲಸ ಮುಗಿಯಿತು. ಓರೆಯಾಗಿ ನೋಡಿದರೆ ಕೂದಲಿನಂಥ ಗೆರೆ ಕಂಡೇ ಕಾಣುತ್ತದೆ. ಹೊಸದರಂತೆ ಮಾಡಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ.

ಕಲಿಯುವವರು ಸ್ವಂತ ಗಾಡಿಯ ಮೇಲೆ ಕೈ ಇಡಬಾರದು. ಗ್ಲಾಸು ಬದಲಿಸುವ ಅಂಗಡಿಯವರು ಕಳಚಿ ಇಟ್ಟ ಹಳೆಯ ಲ್ಯಾಮಿನೇಟೆಡ್ ಗ್ಲಾಸುಗಳನ್ನು ನಮಗೆ ಸುಮ್ಮನೆ ಕೊಟ್ಟರು. ಒಂಬತ್ತು ಗ್ಲಾಸುಗಳ ಮೇಲೆ ಅಭ್ಯಾಸ ಮಾಡಿದ ಬಳಿಕವೇ ನಮಗೆ ಧೈರ್ಯ ಬಂದದ್ದು. ಮೊದಲ ನಾಲ್ಕರಲ್ಲಿ ಒಂದೂ ಸರಿಯಾಗಲಿಲ್ಲ.

ಖರ್ಚಿನ ವಿಷಯದಲ್ಲಿ ವಿಮೆಯ ಲೆಕ್ಕ ಹಾಕದೆ ಮುಂದೆ ಹೋಗಬಾರದು. ಪೂರ್ಣ ವಿಮೆ ಇರುವ ಕಾರಿನ ಗಾಜಿಗೆ ಸವಕಳಿ ಕಡಿತ ಇಲ್ಲ. ಆದರೆ 1500 ಸಿ.ಸಿ. ತನಕದ ಖಾಸಗಿ ಕಾರಿಗೆ ಮೊದಲ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000 ರೂಪಾಯಿ ನಮ್ಮ ಕೈಯದು. ಅದಲ್ಲದೆ ಕ್ಲೇಮು ಮಾಡದವರಿಗೆ ಸಿಗುವ ಬೋನಸ್ ಹೋಗುತ್ತದೆ. ಸ್ವಂತ ಹಾನಿಯ ಪ್ರೀಮಿಯಂ 8000 ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡಾ 50 ಬೋನಸ್ ಇದ್ದವರು 4000 ಕಟ್ಟುತ್ತಿರುತ್ತಾರೆ. ಗ್ಲಾಸಿಗಾಗಿ ಒಮ್ಮೆ ಕ್ಲೇಮು ಮಾಡಿದರೆ ಮುಂದಿನ ವರ್ಷ ಪೂರ್ತಿ 8000. ಬಳಿಕ ಬೋನಸ್ 20, 25, 35, 45 ಎಂದು ಏರಿ ಪುನಃ 50ಕ್ಕೆ ಬರುವಾಗ, ಪ್ರೀಮಿಯಂ ಬದಲಾಗದಿದ್ದರೆ ಐದು ವರ್ಷದಲ್ಲಿ ಹೆಚ್ಚಿಗೆ ಕಟ್ಟಿದ್ದು ಒಟ್ಟು 10,000 ರೂಪಾಯಿ. ಸಣ್ಣ ಕಾರಿನ ಗ್ಲಾಸನ್ನು ಕೈಯಿಂದ ಹಣ ಹಾಕಿ ಬದಲಿಸಿದರೂ ಇಷ್ಟು ಆಗಲಿಕ್ಕಿಲ್ಲ. ಗ್ಲಾಸಿನ ಹಿಂದೆ ಕ್ಯಾಮರಾ, ಸೆನ್ಸರು ಇರುವ ದೊಡ್ಡ ಗಾಡಿಗಳ ಲೆಕ್ಕ ಬೇರೆ. ಅವುಗಳಿಗೆ ಕ್ಲೇಮು ಮಾಡುವುದೇ ಲಾಭ. ಗ್ಲಾಸಿನ ಕ್ಲೇಮಿಗೆ ಬೋನಸ್ ಕಡಿಯದ ಪಾಲಿಸಿಗಳೂ ಉಂಟು, ತಮ್ಮ ಕಾಗದ ತೆಗೆದು ಓದಿ ನೋಡಬೇಕು.

ಬದಲಿಸುವುದೇ ಸರಿ ಎಂದಾದರೆ ಒಂದು ಸೂಚನೆ. ಈಗಿನ ಗಾಡಿಗಳಲ್ಲಿ ಗ್ಲಾಸನ್ನು ಯುರೆಥೇನ್ ಅಂಟಿನಿಂದ ಚೌಕಟ್ಟಿಗೆ ಕೂಡಿಸುತ್ತಾರೆ. ಗಾಡಿ ಮಗುಚಿದರೆ ಮಾಡನ್ನು ಎತ್ತಿ ಹಿಡಿಯುವುದರಲ್ಲಿ, ಬದಿಯ ಸೀಟಿನವರ ಏರ್‌ಬ್ಯಾಗಿಗೆ ಒರಗಲು ಆಸರೆ ಕೊಡುವುದರಲ್ಲಿ ಆ ಗ್ಲಾಸಿಗೆ ಪಾಲುಂಟು. ಆದ್ದರಿಂದ ಅಂಟು ಹಿಡಿಯುವ ತನಕ ಗಾಡಿ ಕೊಂಡುಹೋಗಲು ಅವಸರ ಮಾಡಬಾರದು. ಎಷ್ಟು ಗಂಟೆ ಎಂದು ಕೇಳಿ, ಅಷ್ಟು ಕಾದೇ ಹೊರಡಬೇಕು.

ಹಳೆಯ ಜೀಪು ಇಟ್ಟುಕೊಂಡವರು ನಮ್ಮಲ್ಲಿ ಇನ್ನೂ ಹಲವರಿದ್ದಾರೆ. ಅವರು ಇಷ್ಟೆಲ್ಲ ಕಷ್ಟಪಡಬೇಕಾಗಿಲ್ಲ. ಅದರ ಗ್ಲಾಸು ಚಪ್ಪಟೆ, ಕೂಡಿಸಿದ್ದು ರಬ್ಬರು ಹಾಕಿದ ಚೌಕಟ್ಟಿಗೆ. ಗಾಜಿನ ಅಂಗಡಿಗೆ ಅಳತೆ ಕೊಟ್ಟು ಐ.ಎಸ್. ಗುರುತಿರುವ ಲ್ಯಾಮಿನೇಟೆಡ್ ಹಾಳೆಯಲ್ಲಿ ಕತ್ತರಿಸಿ ತಂದರೆ ಮನೆಯಲ್ಲಿಯೇ ಕೂರಿಸಬಹುದು. ಕಿಟಕಿಗೆ ಹಾಕುವ ಸಾದಾ ಗಾಜನ್ನು ಕತ್ತರಿಸಿ ಕೂರಿಸಿದ ಒಂದು ಜೀಪನ್ನು ಕಳೆದ ವರ್ಷ ನಾವು ನೋಡಿದೆವು. ಅದರ ಯಜಮಾನರಿಗೆ ಹೇಳಿ ಅಂದೇ ತೆಗೆಸಿದೆವು. ಹೊಸ ಗ್ಲಾಸು ಬರುವ ತನಕ ಎರಡು ದಿನ ಅವರು ಅಡಿಕೆ ಗೋಣಿಗಳನ್ನು ನಮ್ಮ ಪಿಕಪ್ಪಿನಲ್ಲಿಯೇ ಸಾಗಿಸಿದರು.